ದಪ್ಪ ಅಕ್ಷರ

ಪ್ರಿಂಟರಿನ ಹೊಸ ಟೋನರ್, ಆ ಕಪ್ಪು ಶಾಯಿಪುಡಿಯ ಡಬ್ಬಿ, ಸರಿಯಾಗಿ ಕೂತಿದೆಯೋ ಇಲ್ಲವೋ ನೋಡೋಣವೆಂದು ಜೆರಾಕ್ಸ್ ಅಂಗಡಿಯವನು ಕಂಪ್ಯೂಟರಿನಲ್ಲಿ ತೆರೆದೇ ಇದ್ದ ಹಾಳೆಯನ್ನು ಇನ್ನೊಮ್ಮೆ ಪ್ರಿಂಟಿಗೆ ಕೊಟ್ಟ. ಅದು ಬೆಳಿಗ್ಗೆ, ಲಾಡ್ಜೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುವ ಲಾಂಡ್ರಿ ಅಕ್ಕನಿಗೆ ತೆಗೆದುಕೊಟ್ಟಿದ್ದ ರಕ್ತಪರೀಕ್ಷೆಯ ರಿಪೋರ್ಟು. ಹಾಳೆ ಬೆಚ್ಚಗೆ ಹೊರಗೆ ಬಂತು. ನಡುಮಧ್ಯದಲ್ಲಿ ಎರಡು ಸಾಲು ಕಪ್ಪಗೆ, ದಪ್ಪಗೆ ಎದ್ದು ನಿಂತಿದ್ದವು. ಒಂದು ಕ್ರಿಯಾಟಿನಿನ್, ಇನ್ನೊಂದು ಪೊಟ್ಯಾಸಿಯಂ. ಬೆಳಿಗ್ಗೆ ಅವನ ಕಣ್ಣಿಗೆ ದಪ್ಪ ಸಾಲು ಒಂದೂ ಬಿದ್ದಿರಲಿಲ್ಲ.

ಆಸ್ಪತ್ರೆಯ ಗೇಟಿಗೆ ಎದುರಾಗಿ ಅಂಗಡಿ ಹಾಕಿ ಹನ್ನೆರಡು ವರ್ಷವಾಗಿತ್ತು. ಲ್ಯಾಬಿನವರು ರಿಪೋರ್ಟನ್ನು ಫೋನಿಗೆ ಕಳಿಸುತ್ತಾರೆ, ಒಳಗಿನ ಡಾಕ್ಟರಿಗೆ ಅದು ಕಾಗದದ ಮೇಲೆಯೇ ಬೇಕು. ಹೀಗಾಗಿ ಆ ಊರಿನ ಅರ್ಧ ಜನರ ಸಕ್ಕರೆ, ಕೊಬ್ಬು, ರಕ್ತ ಎಲ್ಲ ಮೊದಲು ಇವನ ಕೈಗೆ ಬರುತ್ತಿದ್ದವು. ಯಾವನೋ ಮುದುಕ ಒಂದು ದಿನ "ಇದ್ರಲ್ಲಿ ಏನಂತೆ ನೋಡಪ್ಪ" ಎಂದ. ಇರಬೇಕಾದ ಮಟ್ಟ ತಪ್ಪಿದ ಅಂಕಿಗಳನ್ನು ಲ್ಯಾಬಿನವರು ದಪ್ಪ ಅಕ್ಷರದಲ್ಲಿ ಹಾಕುತ್ತಾರೆಂಬುದು ಅಷ್ಟರಲ್ಲಿ ಇವನ ಗಮನಕ್ಕೆ ಬಂದಿತ್ತು. ದಪ್ಪ ಇದ್ದರೆ ಒಳಗೆ ಓಡಿ, ಇಲ್ಲದಿದ್ದರೆ ಮನೆಗೆ ಹೋಗಿ ಆರಾಮಾಗಿ ಮಲಗಿ. ಇವನ ವೈದ್ಯವಿದ್ಯೆ ಅಷ್ಟೇ. ಅದರ ಆಚೆಗೆ ಒಂದಕ್ಷರ ಬರುತ್ತಿರಲಿಲ್ಲ.

ಆದರೂ ಜನ ಬಂದರು. ಬಾರದೆ ಏನು ಮಾಡುತ್ತಾರೆ? ಒಳಗೆ ನೂರಿಪ್ಪತ್ತು ಟೋಕನ್, ತಲೆಗೆ ಎರಡು ನಿಮಿಷ; ಡಾಕ್ಟರ ಮುಂದೆ ಕೂತರೆ ಕೇಳಬೇಕೆಂದುಕೊಂಡದ್ದೆಲ್ಲ ಮರೆತು ನಾಲಿಗೆ ಒಣಗುತ್ತದೆ. ಇಲ್ಲಿ ಒಂದು ಸ್ಟೂಲಿತ್ತು, ಏಳು ಎನ್ನುವವರಿರಲಿಲ್ಲ, ಒಂದೇ ಮಾತನ್ನು ಮೂರು ಸಲ ಕೇಳಿದರೂ ಇವನು ಸಿಡುಕುತ್ತಿರಲಿಲ್ಲ. ಹೋಗಬರುವವರು "ಜೆರಾಕ್ಸ್ ಡಾಕ್ಟ್ರೇ" ಎಂದು ಕಾಲೆಳೆದರೆ "ಬಿಡಿ ಬಿಡಿ" ಎಂದು ಕೈಯಾಡಿಸುತ್ತಿದ್ದ. ಒಳಗೊಳಗೆ ಮಾತ್ರ ಉಬ್ಬಿಹೋಗುತ್ತಿದ್ದ ಮಹಾರಾಯ. ಅದನ್ನು ಮುಚ್ಚಿಡುವುದೇಕೆ?

ಆ ದಿನ ಬೆಳಿಗ್ಗೆ ಟೋನರ್ ಮುಗಿಯುತ್ತ ಬಂದಿತ್ತು. ಹೊಸದು ಬರುವ ತನಕ ಸುಧಾರಿಸಲೆಂದು ಮೆಷಿನ್ನನ್ನು ತೆಳು ಪ್ರಿಂಟಿಗೆ ಇಟ್ಟಿದ್ದ. ಬಂದ ಹಾಳೆಗಳೆಲ್ಲ ಮಾಸಲು. ಲಾಂಡ್ರಿ ಅಕ್ಕ ಸ್ಟೂಲಿನ ತುದಿಯಲ್ಲಿ ಕೂತು ಕೇಳಿದ್ದಳು.

"ಅಣ್ಣ, ಇದನ್ನ ತಗೊಂಡು ಒಳಗೆ ಹೋಗ್ಲೇಬೇಕಾ? ಟೋಕನ್ನು ನೂರಾ ಹತ್ತು. ಅಲ್ಲಿ ಲಾಡ್ಜಲ್ಲಿ ಬೆಡ್‌ಶೀಟು ಗುಡ್ಡೆ ಬಿದ್ದಿರುತ್ತೆ."

"ದಪ್ಪ ಅಕ್ಷರ ಒಂದೂ ಇಲ್ಲಕ್ಕ. ನಿಂತು ನಿಂತು ಕಾಲು ಊದಿದೆ, ಅಷ್ಟೇ. ನೆಮ್ಮದಿಯಾಗಿ ಕೆಲಸಕ್ಕೆ ಹೋಗಿ."

"ಬದುಕಿದೆ," ಎಂದು ಅವಳು ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ನೋಡಿ ಇವನಿಗೂ ಖುಷಿಯಾಗಿತ್ತು.

ಈಗ ಗಂಟೆ ಹನ್ನೆರಡೂವರೆ. ಅಕ್ಕ ಬೆಳಿಗ್ಗೆ ರಿಪೋರ್ಟು ಕಳಿಸಿದ್ದ ನಂಬರಿಗೆ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮೂರು ಸಲ ಮಾಡಿದ, ಅದೇ ಕಥೆ. ಕೈ ಸುಮ್ಮನಿರದೆ ಅದೇ ಫೋನಿನಲ್ಲಿ ಪೊಟ್ಯಾಸಿಯಂ ಎಂದು ಹುಡುಕಿದ. ವಿಡಿಯೊದಲ್ಲಿ ಒಬ್ಬ ಎಳನೀರು ಕುಡಿಯಬೇಡಿ ಎಂದ. ಇನ್ನೊಬ್ಬಳು ಯಾವುದೋ ಕಷಾಯದಲ್ಲಿ ಮೂರೇ ದಿನಕ್ಕೆ ಇಳಿಯುತ್ತದೆಂದು ನಗುನಗುತ್ತ ಹೇಳಿದಳು. ಮೂರನೆಯ ಕಡೆ ಹೃದಯ ನಿಂತುಹೋಗಬಹುದು ಎಂದಿತ್ತು. ಯಾವುದನ್ನು ನಂಬುವುದು? ತಲೆ ಕೆಟ್ಟು ಪಕ್ಕದ ಮೆಡಿಕಲ್ ಸ್ಟೋರಿಗೆ ಓಡಿದ.

ಸ್ಟೋರಿನವನು ಹಾಳೆ ನೋಡಿ ಹುಬ್ಬು ಗಂಟಿಕ್ಕಿದ. "ಯಾರದಿದು? ಪೊಟ್ಯಾಸಿಯಂ ಆರೂವರೆ ಇದೆಯಲ್ಲ ಮಾರಾಯ."

"ಜಾಸ್ತಿನಾ?"

"ಜಾಸ್ತಿನಾ ಅಂತ ಕೇಳ್ತೀಯಾ? ನಾಳೆ ನಾಡಿದ್ದು ಅನ್ನೋ ಹಾಗಿಲ್ಲ. ಈಗ್ಲೇ ಕರ್ಕೊಂಡು ಬಾ. ಓಪಿಡಿ ಎರಡಕ್ಕೆ ಮುಚ್ಚುತ್ತೆ."

ಅಂಗಡಿಯ ಮುಂದೆ ನಾಲ್ಕು ಜನ ಫೋನು ಹಿಡಿದು ನಿಂತಿದ್ದರು. ಅವರ ಗೊಣಗಾಟ ಕಿವಿಗೆ ಹಾಕಿಕೊಳ್ಳದೆ ಶಟರ್ ಎಳೆದ. ಲಾಡ್ಜಿನ ಲಾಂಡ್ರಿ ಮಾರ್ಕೆಟ್ಟಿನ ಹಿಂದೆ ಎಂಬುದಷ್ಟೇ ಅವನಿಗೆ ಗೊತ್ತು. ಆಟೊ ಸಿಗಲಿಲ್ಲ. ಅರ್ಧ ನಡೆದ, ಅರ್ಧ ಓಡಿದ. ದಾರಿಯುದ್ದಕ್ಕೂ ಒಂದೇ ಯೋಚನೆ: ಅವಳು ಅಲ್ಲೇ ಬಿದ್ದಿದ್ದರೆ?

ಬಿದ್ದಿರಲಿಲ್ಲ. ನೆಲಮಾಳಿಗೆಯ ಹಬೆಯಲ್ಲಿ, ಉದ್ದನೆಯ ಮೇಜಿನ ಮುಂದೆ ನಿಂತು ಬೆಡ್‌ಶೀಟಿನ ಮಡಿಕೆ ಒತ್ತುತ್ತಿದ್ದಳು. ಗಡಗಡ ಎನ್ನುವ ಮೆಷಿನ್ನುಗಳ ಸದ್ದಿನಲ್ಲಿ ಫೋನು ಕೇಳುವುದಾದರೂ ಹೇಗೆ? ಅವಳು ಗಂಡಸರ ಚಪ್ಪಲಿ ಹಾಕಿಕೊಂಡಿದ್ದಳು. ಅದರಲ್ಲೂ ಪಾದ ಹಿಡಿಸದೆ ಪಟ್ಟಿಯ ಎರಡೂ ಕಡೆ ಉಬ್ಬಿತ್ತು. ಬೆಳಿಗ್ಗೆ ಅದೇ ಪಾದ ಅವನ ಕಣ್ಣ ಮುಂದೆಯೇ ಇತ್ತು.

ಅವನು ಏದುಸಿರಿನಲ್ಲಿ ವಿಷಯ ಹೇಳಿದ. ಅವಳು ಇಸ್ತ್ರಿ ನಿಲ್ಲಿಸಲಿಲ್ಲ.

"ಬೆಳಿಗ್ಗೆ ಏನೂ ಇಲ್ಲ ಅಂದ್ರಿ, ಈಗ ಇದೆ ಅಂತೀರಿ. ಮಧ್ಯಾಹ್ನದೊಳಗೆ ನನ್ನ ರಕ್ತ ಬದಲಾಗೋಯ್ತಾ?"

"ರಕ್ತ ಅಲ್ಲಕ್ಕ, ಟೋನರ್ ಬದಲಾಯ್ತು. ಬೆಳಿಗ್ಗೆ ಎಲ್ಲ ಮಾಸಲಾಗಿ ಬಂದಿತ್ತು. ನನಗೆ ಕಾಣಲಿಲ್ಲ."

"ಇರ್ಲಿ ಬಿಡಿ, ನಾಳೆ ನೋಡೋಣ. ಮಂಡಿನೋವಿಗೆ ಮಾತ್ರೆ ತಗೋತಾನೇ ಇದೀನಿ. ಮೇಲಿನ ಮನೆಯವಳಿಗೆ ಅದ್ರಲ್ಲೇ ವಾಸಿಯಾಯ್ತಂತೆ."

"ನಾಳೆ ಅನ್ನೋ ಹಾಗಿಲ್ಲಕ್ಕ."

ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ನೋಡಿ ಅಣ್ಣ. ನಮ್ಮಕ್ಕ ಅದೇ ಆಸ್ಪತ್ರೆ ಗೇಟಲ್ಲಿ ನಡ್ಕೊಂಡು ಒಳಗೆ ಹೋದ್ಲು. ಆರು ವಾರ, ಅಷ್ಟೇ. ವಾಪಸ್ ಬರ್ಲಿಲ್ಲ. ಒಳಗೆ ಹೋದ್ರೆ ಅವ್ರು ಏನಾದ್ರೂ ಒಂದು ಹೇಳೇ ಹೇಳ್ತಾರೆ. ನೀವು ಏನೂ ಇಲ್ಲ ಅಂತೀರಿ. ಅದಕ್ಕೇ ನಾನು ನಿಮ್ಮ ಹತ್ರ ಬಂದಿದ್ದು."

ಅವನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಹನ್ನೆರಡು ವರ್ಷ ಜನ ತನ್ನ ತಿಳಿವಳಿಕೆ ನಂಬಿ ಬರುತ್ತಾರೆಂದುಕೊಂಡಿದ್ದ.

"ನನಗೆ ಏನೂ ಗೊತ್ತಿಲ್ಲಕ್ಕ," ಎಂದ. "ಪೊಟ್ಯಾಸಿಯಂ ಅಂದ್ರೆ ಏನು ಅಂತಾನೂ ಗೊತ್ತಿರ್ಲಿಲ್ಲ. ನಾನು ನೋಡೋದು ಅಕ್ಷರ ದಪ್ಪ ಇದೆಯಾ ಅಂತ, ಅಷ್ಟೇ."

"ಮತ್ತೆ ಅಷ್ಟೊಂದು ಜನಕ್ಕೆ ಹೇಳ್ತಿದ್ರಲ್ಲ?"

ಅವನು ತಲೆ ತಗ್ಗಿಸಿದ. ಅವಳು ಇಸ್ತ್ರಿಯ ಸ್ವಿಚ್ಚು ಆರಿಸಿ, ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

"ಬರ್ತೀನಿ. ಆದ್ರೆ ನೀವೂ ಒಳಗೆ ಬರ್ಬೇಕು."

ಓಪಿಡಿ ಮುಟ್ಟಿದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಡಾಕ್ಟರ್ ಮೇಡಂ ಬ್ಯಾಗು ಹೆಗಲಿಗೇರಿಸಿ ಹೊರಟು ನಿಂತಿದ್ದರು. ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿದವರು ನಿಂತಲ್ಲೇ ನಿಂತರು.

"ರಿಪೋರ್ಟು ಬೆಳಿಗ್ಗೆ ಎಂಟಕ್ಕೇ ಬಂದಿದೆ. ಇಷ್ಟು ಹೊತ್ತು ಎಲ್ಲಿದ್ರಿ? ಏನೂ ಇಲ್ಲ ಅಂತ ಯಾರಾದ್ರೂ ಹೇಳಿದ್ರಾ?"

"ಯಾರೂ ಹೇಳಿಲ್ಲ ಮೇಡಂ," ಎಂದಳು ಅಕ್ಕ. "ನಾನೇ ಅಂದ್ಕೊಂಡೆ."

ಅವನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಮಾತು ಶುರು ಮಾಡಿಬಿಟ್ಟಿದ್ದರು. ಈಗಲೇ ಅಡ್ಮಿಟ್, ಮೊದಲು ಇಸಿಜಿ, ಕಿಡ್ನಿ ಕೆಲಸ ಮಾಡುತ್ತಿಲ್ಲ, ನೋವಿನ ಮಾತ್ರೆ ಯಾವುದು, ಎಷ್ಟು ದಿನದಿಂದ, ಡಯಾಲಿಸಿಸ್ ಬೇಕಾಗಬಹುದು, ಮನೆಯಿಂದ ಯಾರನ್ನಾದರೂ ಕರೆಸಿ. ಬರೆಯುತ್ತಲೇ ಹೇಳುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ.

ಅಕ್ಕ ಅವರ ಕಡೆ ನೋಡುತ್ತಲೇ ಇರಲಿಲ್ಲ. ಕುರ್ಚಿಯಲ್ಲಿ ಪೂರ್ತಿ ಹೊರಳಿ, ಬಾಗಿಲ ಹತ್ತಿರ ನಿಂತಿದ್ದ ಇವನ ಮುಖ ನೋಡುತ್ತಿದ್ದಳು. ಬೆಳಿಗ್ಗೆ ಸ್ಟೂಲಿನ ತುದಿಯಲ್ಲಿ ಕೂತು ನೋಡಿದ ಹಾಗೆಯೇ. ಇಷ್ಟಾದ ಮೇಲೂ. ಏನೂ ಇಲ್ಲಕ್ಕ ಎಂಬ ಮಾತು ಅವನ ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಹೇಳಿಬಿಟ್ಟರೆ ಅವಳ ಮುಖ ಮತ್ತೆ ಅರಳುತ್ತದೆಂದು ಅವನಿಗೆ ಗೊತ್ತಿತ್ತು. ಆ ಮಾತನ್ನು ನುಂಗಿಕೊಂಡ.

"ಮೇಡಂ, ನನಗೂ ಅರ್ಥ ಆಗ್ಲಿಲ್ಲ," ಎಂದ. "ಇನ್ನೊಂದ್ಸಲ ಹೇಳಿ. ನಿಧಾನವಾಗಿ. ಅವ್ರಿಗೆ ಹೇಳಿ."

ಮೇಡಂ ಪೆನ್ನು ನಿಲ್ಲಿಸಿ ತಲೆ ಎತ್ತಿದರು. ಮೊದಲು ಇವನನ್ನು ನೋಡಿದರು, ಆಮೇಲೆ ಅವಳ ಪಾದಗಳನ್ನು. ಹೆಗಲ ಬ್ಯಾಗು ಇಳಿಸಿ, ತಮ್ಮ ಕುರ್ಚಿಯನ್ನು ಮೇಜಿನ ಈಚೆ ಬದಿಗೆ, ಅಕ್ಕನ ಮೊಣಕಾಲಿಗೆ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡರು. ಅಕ್ಕ ಇನ್ನೂ ಒಂದು ಗಳಿಗೆ ಇವನನ್ನೇ ನೋಡುತ್ತಿದ್ದು, ಆಮೇಲೆ ನಿಧಾನವಾಗಿ ಆ ಕಡೆಗೆ ತಿರುಗಿ ಕೂತಳು.