ಕಾರಣ ಬರೆಯಬೇಕಾದ ಜಾಗ

ಅಡುಗೆಮನೆಯ ನೆಲ ಆಗಷ್ಟೇ ತೊಳೆದದ್ದು. ಕಲ್ಲುಹಾಸಿನ ಮೇಲೆ ನೀರು ಇನ್ನೂ ಪೂರ್ತಿ ಆರಿರಲಿಲ್ಲ. ಅಲ್ಲಲ್ಲಿ ಉಳಿದ ತೇವದಲ್ಲಿ ಕಿಟಕಿಯ ನಾಲ್ಕು ಸರಳುಗಳು ತಲೆಕೆಳಗಾಗಿ ಮಲಗಿದ್ದವು. ಗೋಡೆಯ ಗೂಟದಲ್ಲಿ ನೀರು ಸೋಸುವ ಬಿಳಿಯ ಬಟ್ಟೆ, ಮಡಿಕೆ ಕೂಡ ಅಲುಗದೆ ತೂಗುಬಿದ್ದಿತ್ತು. ಅದರ ಕೆಳಗೆ ಬಾಯಿ ಮುಚ್ಚಿದ ತಾಮ್ರದ ಹಂಡೆ. ಒಲೆಯ ಸಣ್ಣ ನೀಲಿ ಉರಿಯ ಮೇಲೆ ಪಾತೇಲಿಯೊಂದರಲ್ಲಿ ಕುಡಿಯುವ ನೀರು, ಕುದಿಯುವುದಕ್ಕೆ ಮೊದಲಿನ ಮೌನದಲ್ಲಿತ್ತು. ತೆರೆದ ಹಿಂಬಾಗಿಲಿನ ಆಚೆ, ಪಾತ್ರೆ ತಿಕ್ಕುವ ಮೋರಿಯ ಮೇಲಿನ ಗೋಡೆಯಲ್ಲಿ, ಹಳದಿ ಪೈಪಿನ ನಡುವೆ ಗ್ಯಾಸ್ ಮೀಟರು. ಅಲ್ಲಿಗೆ ಹೋಗಲು ಅಡುಗೆಮನೆಯ ಹೊರತು ಬೇರೆ ದಾರಿಯಿರಲಿಲ್ಲ. ಅದರ ಅಂಕಿಗಳು ಎರಡು ತಿಂಗಳಿಂದ ಒಂದೇ ಕಡೆ ನಿಂತಿದ್ದವು.

ಬಾಪುಸಾಹೇಬರು ಹೊಸ್ತಿಲಿನ ಈಚೆ ನಿಂತು ಇದನ್ನೆಲ್ಲ ನೋಡಿದರು. ಐಗಳಿಯಲ್ಲಿ ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿ, ನಿವೃತ್ತಿಯ ನಂತರ ನಿಪ್ಪಾಣಿಯ ಈ ಮನೆಗೆ ಬಂದವರು. ಅವರ ಹೆಂಡತಿ ಜಿನಮತಿ ಜೈನರ ದಶಲಕ್ಷಣ ಪರ್ವದ ಹತ್ತು ದಿನಗಳ ಉಪವಾಸ ಹಿಡಿದಿದ್ದರು. ಕುದಿಸಿ ಸೋಸಿದ ನೀರಿನ ಹೊರತು ಬೇರೇನೂ ಇಲ್ಲ. ಇಂದು ಹತ್ತನೆಯ ದಿನ. ನಾಳೆ ಬೆಳಿಗ್ಗೆ ಪಾರಣೆ. ತಮ್ಮದೇ ಒಲೆಯ ಮೇಲೆ ಬೆಂದ ಹೆಸರುಬೇಳೆಯ ತಿಳಿಯಿಂದ ಉಪವಾಸ ಬಿಡಬೇಕೆಂಬುದು ಆಕೆಯ ಸಂಕಲ್ಪ. ಗ್ಯಾಸ್ ಕಂಪನಿಯ ಸಂದೇಶವೂ ಅಷ್ಟೇ ಖಚಿತವಾಗಿತ್ತು: ನಿಂತುಹೋದ ಮೀಟರು ಇಂದು ಸಂಜೆಯೊಳಗೆ ಬದಲಾಗದಿದ್ದರೆ ಮನೆಯ ಗ್ಯಾಸ್ ಬಂದ್.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಕಂಪನಿಯ ಕಾಸಿಮಸಾಬರು ನಿಂತಿದ್ದರು. ಐವತ್ತರ ಆಸುಪಾಸಿನ ವಯಸ್ಸು, ಗಿಡ್ಡ ನರೆಗಡ್ಡ, ಒಂದು ಕೈಯಲ್ಲಿ ಸಾಮಾನಿನ ಚೀಲ, ಕಂಕುಳಲ್ಲಿ ಹೊಸ ಮೀಟರಿನ ಡಬ್ಬಿ. ಈ ಹದಿನೈದು ದಿನಗಳಲ್ಲಿ ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಅವರು ಮೆಟ್ಟಿಲ ಮೇಲೆ ಬೂಟು ಬಿಚ್ಚಿ, ಮತ್ತೆ ಕಟ್ಟಿಕೊಂಡು ಹೋಗಿದ್ದರು. ಇವತ್ತು ದಾರಕ್ಕೆ ಕೈಹಾಕಲೇ ಇಲ್ಲ.

ಆ ಸೀಮೆಯಲ್ಲಿ ಪರಿಚಯ ಶುರುವಾಗುವುದು ಅಡ್ಡಹೆಸರಿನಿಂದ, ಅಂದರೆ ಮನೆತನದ ಹೆಸರಿನಿಂದ. ಅದೊಂದು ತಿಳಿದರೆ ಓಣಿ ತಿಳಿಯಿತು, ದೇವರು ತಿಳಿಯಿತು, ಎಲ್ಲಿ ಕೂರಿಸಬೇಕೆಂಬುದೂ ತಿಳಿಯಿತು. ಮೊದಲ ದಿನ ಬಾಪುಸಾಹೇಬರು ಬಾಗಿಲಲ್ಲೇ, ಬಹಳ ಸೌಜನ್ಯದಿಂದ, "ಅಡ್ಡಹೆಸರೇನ್ರಿ ನಿಮ್ದು?" ಎಂದು ಕೇಳಿದ್ದರು. "ಮುಲ್ಲಾ ಅಂತಾರ್ರಿ" ಎಂಬ ಉತ್ತರ ಬಂದಿತ್ತು. "ಏನ್ ಮಾಡೂದ್ರಿ, ಮನ್ಯಾಗ ಪರ್ವದ ತಯಾರಿ ನಡದೈತಿ, ಅಡಗಿಮನಿ ಮಡಿ ಮಾಡ್ಯಾರ. ನಂದೇನಿಲ್ಲ, ಹೆಣ್ಣಮಕ್ಕಳ ವಿಚಾರ. ಇನ್ನೊಮ್ಮೆ ಬರ್ರಿ" ಎಂದಿದ್ದರು ಬಾಪುಸಾಹೇಬರು. ಎರಡನೆಯ ಸಲವೂ ಅದೇ ಮಾತು, ಅದೇ ಸೌಜನ್ಯ.

"ಇವತ್ತ ಕಡೀ ದಿನಾ ರಿ, ಸರ್" ಎಂದರು ಕಾಸಿಮಸಾಬರು.

"ಗೊತ್ತೈತ್ರಿ. ನಾಳೆ ಪಾರಣಿ ಮುಗೀತೈತಿ. ನಾಡದ ಬಂದ್ರ ನಡ್ಯಾಂಗಿಲ್ಲೇನು?"

"ನನ್ನ ಕೈಯಾಗಿಲ್ರಿ. ನಿಂತ ಮೀಟರಿನ ಮ್ಯಾಲ ಗ್ಯಾಸ್ ಬಿಡಬಾರದಂತ ಆರ್ಡರ್ ಐತಿ."

"ಬ್ಯಾರೆ ಯಾರನ್ನರೆ ಕಳಸಾಕ ಬರತೈತೇನು?"

ಕಾಸಿಮಸಾಬರು ಮೀಸೆಯ ಕೆಳಗೇ ನಕ್ಕರು. "ಲಖನ ಅಂತ ಒಬ್ಬಾಂವ ಅದಾನ್ರಿ. ಅವನ ಅಡ್ಡಹೆಸರ ಕೇಳಿದ ಮ್ಯಾಲ ನೀವು ಮತ್ತ ನನ್ನನ್ನ ಕರಸಬೇಕಾಗ್ತೈತಿ."

ಬಾಪುಸಾಹೇಬರ ಕಿವಿ ಬಿಸಿಯಾಯಿತು. ಅವರು ಏನಾದರೂ ಹೇಳುವ ಮೊದಲೇ ಕಾಸಿಮಸಾಬರು ಚೀಲದಿಂದ ಉದ್ದನೆಯ ಪುಸ್ತಕವೊಂದನ್ನು ತೆಗೆದು, ಹಾಳೆ ಮಡಿಚಿದ್ದ ಪುಟ ತೆರೆದರು. "ಇಲ್ಲಿ ಬರದು ಸಹಿ ಮಾಡ್ರಿ. ಒಳಗ ಯಾಕ ಬಿಡ್ಲಿಲ್ಲ ಅನ್ನೂದನ್ನ ಮೂರನೇ ಸಲ ಗಿರಾಕಿನ ತನ್ನ ಕೈಲೆ ಬರೀಬೇಕಂತ ರೂಲ್ ಐತ್ರಿ."

ಬಾಪುಸಾಹೇಬರು ಚಷ್ಮಾ ಏರಿಸಿಕೊಂಡರು. ತಮ್ಮ ಹೆಸರು, ಮನೆಯ ನಂಬರು, ಎರಡು ತಾರೀಖು. ಎರಡರ ಮುಂದೆಯೂ ಒಂದೇ ವಾಕ್ಯ: ಮನೆಗೆ ಬೀಗ ಹಾಕಿತ್ತು.

"ಇದೇನ್ರಿ? ನಮ್ಮ ಮನಿಗೆ ಬೀಗ ಯಾವಾಗಿತ್ತು? ಎರಡೂ ಸಲ ನಾನ ಬಾಗಲಾ ತಗದೇನಿ."

"ತಗದ್ರಿ, ಸರ್" ಎಂದರು ಕಾಸಿಮಸಾಬರು. "ಮತ್ತೇನ ಬರೀಬೇಕಾಗಿತ್ರಿ? ಖರೇ ಬರದ್ರ ಆಫೀಸಿನವರು ನಿಮಗ ಫೋನ್ ಮಾಡಿ ಕೇಳ್ತಾರ. ನೀವು ಹಿರ್ಯಾರು, ಚಲೋ ಅನ್ಸಂಗಿಲ್ಲ. ಬೀಗ ಅಂದ್ರ ಯಾರಿಗೂ ತ್ರಾಸಿಲ್ಲ. 'ಹೊತ್ತಿಗೆ ಸರಿಯಾಗಿ ಹೋಗಂಗಿಲ್ಲ ನೀ' ಅಂತ ನನಗ ಒಂದ ಮಾತ ಅಂದ್ರು. ಕೇಳ್ಕೊಂಡೆ."

ಆ ದನಿಯಲ್ಲಿ ದೂರಿರಲಿಲ್ಲ. ದಿನಕ್ಕೆ ಹತ್ತು ಹೊಸ್ತಿಲು ನೋಡುವವನು ಮಳೆ ಬಿಸಿಲಿನ ಬಗ್ಗೆ ಮಾತನಾಡುವ ಹಾಗಿತ್ತು. ಬಾಪುಸಾಹೇಬರಿಗೆ ತಡೆಯಲಾಗದೆ ಹೋದದ್ದು ಅದೇ.

ಅವರು ಪಡಸಾಲೆಯ ಮೇಜಿನ ಮೇಲೆ ಪುಸ್ತಕ ಇಟ್ಟುಕೊಂಡು ಕುಳಿತರು. ಅವರ ಅಕ್ಷರ ಮುತ್ತಿನಂಥದೆಂದು ಹೆಸರಾದದ್ದು. ಎಷ್ಟೋ ಮಕ್ಕಳ ಹೆಸರು, ಹುಟ್ಟಿದ ದಿನ, ನಡತೆ ಎಲ್ಲವನ್ನೂ ಆ ಕೈ ದಾಖಲೆ ಮಾಡಿತ್ತು. ಈಗ 'ಕಾರಣ' ಎಂದು ಅಚ್ಚಾದ ಪದದ ಮುಂದೆ ಎರಡು ಬೆರಳು ಅಗಲದ ಖಾಲಿ ಜಾಗ. 'ಮೀಟರು ಬದಲಿಸಲು ಬಂದವರು' ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿದರು. ಬಂದವರು? ಮುಂದಿನ ಪದ ಅವರಿಗೆ ಗೊತ್ತಿತ್ತು, ಪೆನ್ನಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಆಡಿದ ಮಾತು ಗಾಳಿಗೆ ಕರಗಿಹೋಗುತ್ತದೆ. ಕಾಗದದ ಮೇಲೆ ಇಟ್ಟ ಮಾತು ಎದ್ದುನಿಂತು ಬರೆದವನ ಮುಖವನ್ನೇ ನೋಡುತ್ತದೆ.

ಕೊನೆಗೆ, ಮೆಲುದನಿಯಲ್ಲಿ ಓದಿಕೊಳ್ಳುತ್ತ, 'ನನ್ನ ಪತ್ನಿಯ ಉಪವಾಸದ' ಎಂದು ಬರೆದರು.

"ನನ್ನ ಉಪವಾಸದ್ದೇನ್ ಬರ್ಯಾಕತ್ತೀರಿ?"

ಒಳಕೋಣೆಯ ಬಾಗಿಲಲ್ಲಿ ಜಿನಮತಿ ನಿಂತಿದ್ದರು. ಹತ್ತು ದಿನಗಳಲ್ಲಿ ಕೆನ್ನೆ ಇಳಿದಿತ್ತು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಸೊಸೆ ಮೇಘಾಳ ಭುಜದ ಮೇಲೆ.

"ನೀ ಯಾಕ ಎದ್ದಿ? ಮಲಕೋ ಹೋಗು" ಎಂದರು ಬಾಪುಸಾಹೇಬರು. "ಅಡಗಿಮನಿ ಮಡಿ ಐತಲ್ಲ, ಅದಕ್ಕ..."

"ಅವರ್ನ ಒಳಗ ಬಿಡಬ್ಯಾಡ್ರಿ ಅಂತ ನಾ ಯಾವಾಗರೆ ಅಂದೇನೇನು?"

ಬಾಪುಸಾಹೇಬರು ನೆನಪು ಮಾಡಿಕೊಂಡರು. ಹುಡುಕಿದರು, ನಿಜವಾಗಿಯೂ ಹುಡುಕಿದರು. ಆಕೆ ಅಂದಿರಲಿಲ್ಲ. ಇವರು ಕೇಳಿಯೂ ಇರಲಿಲ್ಲ.

"ಅತ್ತಿಯವರಿಗೆ ಇವರು ಬಂದು ಹೋಗಿದ್ದ ಗೊತ್ತಿಲ್ಲ, ಮಾಮಾ" ಎಂದಳು ಮೇಘಾ ಮೆಲ್ಲಗೆ. "ಕಂಪನಿಯವರು ಬಂದ ಇಲ್ಲ ಅಂತ ನೀವ ಹೇಳಿದ್ರಿ."

ಜಿನಮತಿ ಕುರ್ಚಿಯ ಬೆನ್ನು ಹಿಡಿದು ನಿಂತು, ಪುಸ್ತಕದ ಮೇಲಿನ ಮೂರು ಪದಗಳನ್ನು ನೋಡಿದರು. "ಹತ್ತ ದಿನಾ ನಾ ಅನ್ನಾ ಬಿಟ್ಟೇನಿ. ನೀವೇನ ಬಿಟ್ರಿ? ನಿಮ್ಮ ಕೈಲೆ ಬಿಡಾಕ ಆಗದ್ದನ್ನ ನನ್ನ ಹೆಸರಲೆ ಬರೀಬ್ಯಾಡ್ರಿ."

ಆಮೇಲೆ ಆಕೆ ಹೊರಬಾಗಿಲಿನ ಕಡೆ ತಿರುಗಿದರು. "ತಮ್ಮಾ, ಬಾರಪಾ ಒಳಗ. ನೆಲ ಹಸೀ ಐತಿ, ಜಾರೀತು, ಹುಷಾರ್."

ಕಾಸಿಮಸಾಬರು ಮೆಟ್ಟಿಲ ಮೇಲೆ ಕುಳಿತು ಬೂಟಿನ ದಾರ ಬಿಚ್ಚಿದರು. ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಒಳಗೆ ಬಂದು, ಒಲೆ, ಹಂಡೆ, ಸೋಸುಬಟ್ಟೆಗಳನ್ನು ದಾಟಿ ಹಿಂಬಾಗಿಲು ತಲುಪಿದರು. ಪಾತೇಲಿಯ ನೀರಿಗೆ ಆಗಲೇ ಕುದಿ ಬಂದಿತ್ತು. ಮೇಘಾ ಅದನ್ನು ಇಳಿಸಿದ ಮೇಲೆ ಅವರು ಪೈಪಿನ ವಾಲ್ವ್ ತಿರುಗಿಸಿದರು. ನೀಲಿ ಉರಿ ಒಮ್ಮೆ ಕುಗ್ಗಿ ಇಲ್ಲವಾಯಿತು.

"ಸರ್, ಇದನ್ನ ಎರಡೂ ಕೈಲೆ ಹಿಡೀರಿ. ನಟ್ ಬಿಚ್ಚೂದ್ರಾಗ ಬಿದ್ದೀತು."

ಬಾಪುಸಾಹೇಬರು ಹಳೆಯ ಮೀಟರನ್ನು ಕೆಳಗಿನಿಂದ ಹಿಡಿದುಕೊಂಡರು. ನಟ್ಟಿನ ಮೇಲೆ ಪಾನಾ ತಿರುಗಿದಂತೆಲ್ಲ ಅದರ ಭಾರ ಸ್ವಲ್ಪಸ್ವಲ್ಪವಾಗಿ ಅವರ ಅಂಗೈಗೆ ಇಳಿಯಿತು. ಹೊಸದನ್ನು ಕೂರಿಸುವಾಗ ಕಾಸಿಮಸಾಬರ ಕೈ ಅವರ ಕೈಯ ಮೇಲೇ ಇತ್ತು. ಮೊಳೆ ಹೊಡೆದು, ಪೈಪು ತಿರುಗಿಸಿ ಒರಟಾದ ಕೈ. ಬಿಗಿಯುವಾಗ ಮಾತ್ರ ಎಷ್ಟು ಬೇಕೋ ಅಷ್ಟೇ, ಅಳತೆ ತಪ್ಪದ ಹದ. ಒಳ್ಳೆಯ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿ ಬಹಳ ದಿನವಾಗಿತ್ತೆಂದು ಬಾಪುಸಾಹೇಬರಿಗೆ ಅನ್ನಿಸಿತು.

ಅಡುಗೆಮನೆಯ ಗೋಡೆಗೆ ಒರಗಿ ಕುಳಿತ ಜಿನಮತಿ ಕೇಳಿದರು: "ನಿಮ್ಮ ಮನ್ಯಾಗೂ ರೋಜಾ ಹಿಡೀತೀರಲ್ಲ, ತಮ್ಮಾ? ಅಡಗಿ ಯಾರ ಮಾಡ್ತಾರ?"

"ನಮ್ಮ ಮನಿಯಾಕಿ ದಿಲಶಾದಬಿನ ಮಾಡ್ತಾಳ್ರಿ, ಅಕ್ಕಾರ. ತಾನೂ ರೋಜಾ ಇರತಾಳು, ರುಚಿ ನೋಡೂ ಹಂಗಿಲ್ಲ. ಒಂದಿನಾ ಉಪ್ಪ ಇರಂಗಿಲ್ಲ, ಒಂದಿನಾ ಎರಡ ಸಲ ಬಿದ್ದಿರತೈತಿ. ನಾವು 'ಭಾಳ ಚಲೋ ಆಗೈತಿ' ಅಂತ ಸುಮ್ಮ ಉಣ್ತೇವಿ."

"ಇವರು ಹಂಗಲ್ಲಪಾ. ಉಪ್ಪ ಕಡಿಮಿ ಆದ್ರ ಪೇಪರ್ ತಿದ್ದಿದಂಗ ತಿದ್ತಾರ" ಎಂದು ಜಿನಮತಿ ನಕ್ಕರು. ಹತ್ತು ದಿನಗಳಲ್ಲಿ ಆಕೆ ನಕ್ಕದ್ದು ಅದೇ ಮೊದಲು.

ಕಾಸಿಮಸಾಬರು ಸಾಬೂನಿನ ನೊರೆ ಮಾಡಿ ಪ್ರತಿಯೊಂದು ಕೂಡಿಕೆಗೂ ಹಚ್ಚಿದರು. ಎಲ್ಲರೂ ಉಸಿರು ಹಿಡಿದು ನೋಡಿದರು. ನೊರೆ ಇದ್ದಲ್ಲೇ ಇತ್ತು. ಎಲ್ಲಿಯೂ ಗುಳ್ಳೆ ಏಳಲಿಲ್ಲ. "ಒಲಿ ಹಚ್ಚರಿ, ತಂಗಿ" ಎಂದರು. ಮೇಘಾ ಒಲೆ ಹಚ್ಚಿದಳು. ಮೊದಲು ಬರೀ ಗಾಳಿ ಸುಸುಗುಟ್ಟಿತು, ಆಮೇಲೆ ನೀಲಿ ಹೂವೊಂದು ವರ್ತುಲವಾಗಿ ಅರಳಿತು. ಜಿನಮತಿ ಕುಳಿತಲ್ಲಿಂದಲೇ ಅದಕ್ಕೆ ಕೈಮುಗಿದರು. ಉರಿಗೋ, ಉರಿ ತಂದವರಿಗೋ ಯಾರೂ ಕೇಳಲಿಲ್ಲ.

"ಚಹಾ ಇಡು, ಮೇಘಾ. ನಾ ಕುಡ್ಯಾಂಗಿಲ್ಲ, ಅವರು ಕುಡೀಲಿ."

ಚಹಾ ಆಗುವಷ್ಟರಲ್ಲಿ ಬಾಪುಸಾಹೇಬರು ಮತ್ತೆ ಮೇಜಿಗೆ ಹೋಗಿ ಕುಳಿತಿದ್ದರು. ಬರೆದ ಮೂರು ಪದಗಳ ಮೇಲೆ ಒಂದು ನೇರ ಗೆರೆ ಎಳೆದರು. ಅದರ ಕೆಳಗೆ, ಅಚ್ಚಿನ ಗೀಟು ದಾಟಿ ಪುಟದ ಅಂಚಿಗೂ ಹರಿಯುವಂತೆ, ನಿಧಾನವಾಗಿ ಬರೆದರು: 'ಹಿಂದಿನ ಎರಡು ದಿನಗಳಲ್ಲಿ ಮನೆಗೆ ಬೀಗ ಇರಲಿಲ್ಲ. ಇವರು ಹೊತ್ತಿಗೆ ಸರಿಯಾಗಿ ಬಂದಿದ್ದರು. ಒಳಗೆ ಬಿಡದವನು ನಾನು. ಇಂದು ಇವರ ಕೆಲಸದಿಂದ ನಮ್ಮ ಒಲೆ ಉರಿಯುತ್ತಿದೆ. ಕೃತಜ್ಞನಾಗಿದ್ದೇನೆ.' ಕೆಳಗೆ ಪೂರ್ತಿ ಸಹಿ.

ಚಹಾ ಮುಗಿಸಿ ಬಂದ ಕಾಸಿಮಸಾಬರು ಅದನ್ನು ಓದಿದರು. ಎರಡು ಸಲ ಓದಿದರು.

"ಇದನ್ನ ಬರ್ಯೂದು ಬ್ಯಾಡಾಗಿತ್ರಿ, ಸರ್. ಆಫೀಸಿನ್ಯಾಗ ಎಲ್ಲಾರೂ ನೋಡ್ತಾರ."

"ನೋಡ್ಲೆಂತನ ಬರದೇನ್ರಿ" ಎಂದರು ಬಾಪುಸಾಹೇಬರು.

ಕಾಸಿಮಸಾಬರು ಪುಸ್ತಕವನ್ನು ಜೋಪಾನವಾಗಿ ಚೀಲದೊಳಗಿಟ್ಟು, ಹಳೆಯ ಮೀಟರನ್ನು ಕಂಕುಳಲ್ಲಿ ಹಿಡಿದು, ಮೆಟ್ಟಿಲಿಗೆ ಹೋಗಿ ಬೂಟು ಕಟ್ಟಿಕೊಂಡರು. ಬಾಪುಸಾಹೇಬರು ಬಾಗಿಲು ಹಾಕಲೆಂದು ಏಳುವಷ್ಟರಲ್ಲಿ ಒಳಗಿನಿಂದ ಜಿನಮತಿಯ ದನಿ ಕೇಳಿತು. ಪೇಟೆಗೆ ಹೊರಟ ಮಗನಿಗೆ, ತವರಿನಿಂದ ಬಂದುಹೋಗುವ ತಮ್ಮಂದಿರಿಗೆ ಹೇಳುವ ಅದೇ ಧಾಟಿ.

"ಬಾಗಲಾ ಮುಂದ ಮಾಡ್ಕೊಂಡ ಹೋಗಪಾ, ತಮ್ಮಾ."

"ಹೂಂ ರಿ, ಅಕ್ಕಾರ" ಎಂದರು ಕಾಸಿಮಸಾಬರು. ಚೀಲವನ್ನು ಹೆಗಲಿಗೇರಿಸಿ, ಬಿಡುವಾದ ಕೈಯಿಂದ ಹಿಡಿಕೆ ಹಿಡಿದು, ಸಪ್ಪಳವಾಗದಂತೆ ಬಾಗಿಲನ್ನು ತಮ್ಮ ಹಿಂದೆ ಎಳೆದುಕೊಂಡರು.