ಡ್ರಿಲ್ಲಿನ ದಿನ ಮೊದಲೇ ಕೆಳಗಿಳಿದವರು

ಬೆಂಕಿಯ ಗಂಟೆ ಹೊಡೆದಾಗ ನೀವು ಯಾರನ್ನು ದಾಟಿಕೊಂಡು ಓಡುತ್ತೀರಿ? ಯಾರನ್ನೂ ಇಲ್ಲ ಎನ್ನಬೇಡಿ. ನಾವೂ ಹಾಗೆಯೇ ಅಂದುಕೊಂಡಿದ್ದೆವು. ನಾವೇನೂ ಕಲ್ಲೆದೆಯವರಾಗಿರಲಿಲ್ಲ. ಒಬ್ಬರಿಗೊಬ್ಬರು ಜೀವ ಬಿಡುವಂಥ ಜನ. ಆದರೂ ದಾಟಿಕೊಂಡು ಓಡಿದೆವು.

ಇದು ಬಹಳ ವರ್ಷಗಳ ಹಿಂದಿನ ಮಾತು. ಒಂದು ಮುದ್ರಣಾಲಯದ ಮೂರನೆಯ ಮಹಡಿಯಲ್ಲಿ ನಾವು ಇಪ್ಪತ್ತಮೂರು ಮಂದಿ ಪುಸ್ತಕ ಕಟ್ಟುವ ಕೆಲಸ ಮಾಡುತ್ತಿದ್ದೆವು. ಕೆಳಗೆ ಅಚ್ಚಿನ ಯಂತ್ರ ತಿರುಗಿದರೆ ನಮ್ಮ ಪಾದದಡಿಯ ನೆಲ ಸಣ್ಣಗೆ ನಡುಗುತ್ತಿತ್ತು. ಹೊಸ ಹಾಳೆಯ ವಾಸನೆ, ಕಾಯಿಸಿದ ಅಂಟಿನ ವಾಸನೆ, ಉದ್ದನೆಯ ಕಿಟಕಿಗಳಿಂದ ಮೇಜಿನ ಮೇಲೆ ಬೀಳುತ್ತಿದ್ದ ಹತ್ತು ಗಂಟೆಯ ಬಿಸಿಲು: ಇಂದಿಗೂ ಹೊಸ ಪುಸ್ತಕವೊಂದನ್ನು ಬಿಡಿಸಿದರೆ ಅವೆಲ್ಲ ಒಟ್ಟಿಗೇ ಬಂದು ಎದುರು ನಿಲ್ಲುತ್ತವೆ.

ನಾನು ಹಾಳೆ ಮಡಿಸುವವಳು. ಮಡಿಸಿದ್ದನ್ನು ಹೊಲಿಯುತ್ತಿದ್ದವರು ಪಕ್ಕದ ಮೇಜಿನ ದಾರದಕ್ಕ. ಮೇಣ ಹಚ್ಚಿದ ದಾರ ಸದಾ ಅವರ ಮಣಿಕಟ್ಟಿಗೆ ಸುತ್ತಿರುತ್ತಿದ್ದುದರಿಂದ ಆ ಹೆಸರು. ಅವರು ಹೊಲಿದ ಪುಸ್ತಕ ಹರಿದು ಬಂದದ್ದನ್ನು ನಾನು ಕಾಣೆ. ಬಾಲ್ಯದ ಕಾಯಿಲೆಯೊಂದು ಅವರ ಬಲಗಾಲಿನ ಶಕ್ತಿಯನ್ನು ಕಿತ್ತುಕೊಂಡಿತ್ತು. ಕಾಲಿಗೆ ಕಬ್ಬಿಣದ ಪಟ್ಟಿ, ಎರಡೂ ಕಂಕುಳಲ್ಲಿ ಊರುಗೋಲು. ಬೆಳಿಗ್ಗೆ ಕಾಗದದ ಕಟ್ಟುಗಳ ಜೊತೆ ಸರಕಿನ ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದರು. ಬಾಗಿಲು ತೆರೆದೊಡನೆ, "ಇದೊಂದು ಹಳೇ ಕಟ್ಟು, ಅಂಚು ಮುದುಡದ ಹಾಗೆ ಇಳಿಸ್ಕೊಳ್ರಪ್ಪ" ಎನ್ನುತ್ತಿದ್ದರು. ದಿನವೂ ಅದೇ ಮಾತು. ದಿನವೂ ನಮಗೆ ನಗು.

ವರ್ಷಕ್ಕೆರಡು ಸಲ ಫೈರ್ ಡ್ರಿಲ್ ಆಗುತ್ತಿತ್ತು. ಆ ದಿನ ನಮ್ಮ ಮೇಸ್ತ್ರಿಗಳು ದಾರದಕ್ಕನ ಮೇಜಿನ ಬಳಿ ಬಂದು ದನಿ ತಗ್ಗಿಸುತ್ತಿದ್ದರು.

"ಅಕ್ಕಾ, ಹನ್ನೊಂದಕ್ಕೆ ಡ್ರಿಲ್ಲು. ನೀವು ಹತ್ತು ನಿಮಿಷ ಮುಂಚೆ ಇಳಿದುಬಿಡಿ. ನಿಮಗ್ಯಾಕೆ ಸುಮ್ನೆ ತೊಂದರೆ?"

"ಬೆಂಕಿನೂ ಹೀಗೆ ಹತ್ತು ನಿಮಿಷ ಮುಂಚೆ ಬಂದು ಕಿವೀಲಿ ಹೇಳುತ್ತಾ ಮೇಸ್ತ್ರಿಗಳೇ?"

"ಬಂದ್ರೆ ನಾನಿಲ್ವಾ? ಹೂವಿನ ಹಾಗೆ ಎತ್ಕೊಂಡು ಹೋಗ್ತೀನಿ."

"ಚಹಾದ ಕೆಟಲ್ ಎತ್ತೋಕೇ ಸೊಂಟ ಹಿಡ್ಕೊತೀರಿ. ಹೂವಂತೆ, ಹೂವು!"

ಎಲ್ಲರೂ ನಗುತ್ತಿದ್ದೆವು. ದಾರದಕ್ಕನೂ ನಗುತ್ತ ಲಿಫ್ಟಿನಲ್ಲಿ ಇಳಿದು, ಗೇಟಿನ ಬಳಿಯ ಬೆಂಚಿನ ಮೇಲೆ ಹಾಜರಿ ಪುಸ್ತಕ ಹಿಡಿದು ಕೂರುತ್ತಿದ್ದರು. ಹೇಗೂ ಮೊದಲೇ ಅಲ್ಲಿರುತ್ತಾರಲ್ಲ, ಹಾಜರಿ ಕೂಗುವ ಕೆಲಸ ಅವರದೇ ಆಯಿತು. ಗಂಟೆ ಹೊಡೆಯುತ್ತಿತ್ತು, ನಾವು ಸಾಲಾಗಿ ಇಳಿಯುತ್ತಿದ್ದೆವು, ಅವರು ಹೆಸರು ಕೂಗಿ ಗುರುತು ಹಾಕುತ್ತಿದ್ದರು. ನಾಲ್ಕೇ ನಿಮಿಷ! ಆ ನಾಲ್ಕು ನಿಮಿಷವನ್ನು ಮೇಸ್ತ್ರಿಗಳು ಫಲಕದ ಮೇಲೆ ದೊಡ್ಡದಾಗಿ ಬರೆಸಿದ್ದರು. ಅದನ್ನು ಕಂಡು ನಾವೆಲ್ಲ ಬೀಗುತ್ತಿದ್ದೆವು. ಅಪಾಯದ ದಿನ ಯಾರಿಗೆ ಅತಿ ಹೆಚ್ಚು ಕಷ್ಟವೋ ಅವರೊಬ್ಬರನ್ನೇ ಅಭ್ಯಾಸದಿಂದ ಹೊರಗಿಟ್ಟಿದ್ದೇವೆ ಎಂಬುದು ಇಪ್ಪತ್ತಮೂರು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಎರಡನೆಯ ಮಹಡಿಯಲ್ಲಿ ಅಂಟು ಕಾಯಿಸುವ ಒಲೆಯ ತಂತಿ ಸುಟ್ಟು, ಕಾಗದದ ಚೂರುಗಳ ರಾಶಿಗೆ ಕಿಡಿ ಹಾರಿತು. ಗಂಟೆ ಹೊಡೆಯಿತು. ಈ ಸಲ ಮುಂಚಿತವಾಗಿ ಯಾರೂ ಬಂದು ಹೇಳಿರಲಿಲ್ಲ.

ನಾನು ಎದ್ದೆ. ದಾರದಕ್ಕ ಊರುಗೋಲಿಗೆ ಕೈ ಚಾಚುತ್ತಿದ್ದರು. "ನಡಿ ನಡಿ, ನಾನು ಲಿಫ್ಟಲ್ಲಿ ಬರ್ತೀನಿ" ಎಂದರು. ನಾನು ನಡೆದುಬಿಟ್ಟೆ. ಅವರು ಯಾವಾಗಲೂ ಲಿಫ್ಟಿನಲ್ಲೇ ಅಲ್ಲವೇ ಇಳಿಯುವುದು? ಗಂಟೆ ಹೊಡೆದ ಮೇಲೆ ಕಟ್ಟಡದ ವಿದ್ಯುತ್ ಕಡಿದುಬಿಡುತ್ತಾರೆ, ಬೆಂಕಿ ಬಿದ್ದಾಗ ಲಿಫ್ಟ್ ಹತ್ತಲೇಬಾರದು ಎಂದು ನಮಗೆ ಪಾಠ ಹೇಳಿದ್ದರು. ಆದರೆ ಡ್ರಿಲ್ಲುಗಳಲ್ಲಿ ದಾರದಕ್ಕ ಗಂಟೆಗೆ ಮೊದಲೇ ಇಳಿದಿರುತ್ತಿದ್ದರು. ಆ ಪಾಠ ಅವರಿಗೂ ಮೈಗೆ ಹತ್ತಲಿಲ್ಲ, ನಮಗೂ ಹತ್ತಲಿಲ್ಲ.

ನಾಲ್ಕು ನಿಮಿಷದಲ್ಲಿ ಅಂಗಳದಲ್ಲಿ ಸಾಲು ನಿಂತೆವು. ಎರಡನೆಯ ಮಹಡಿಯ ಕಿಟಕಿಯಿಂದ ಕಪ್ಪು ಹೊಗೆ ಬರುತ್ತಿತ್ತು. ನಮ್ಮ ಹೆಸರು ಕೂಗುವುದನ್ನು ಕಾಯುತ್ತ ನಿಂತೆವು. ಯಾರೂ ಕೂಗಲಿಲ್ಲ.

"ಯಾಕೆ, ಇವತ್ತು ಹಾಜರಿ ಇಲ್ವಾ?" ಎಂದರು ಹಿಂದಿನಿಂದ ಯಾರೋ.

ಎಲ್ಲರೂ ಬೆಂಚಿನ ಕಡೆ ತಿರುಗಿದೆವು. ಬೆಂಚು ಖಾಲಿ ಇತ್ತು. ಆಗ ಮೇಸ್ತ್ರಿಗಳ ಮುಖ ಹೇಗೆ ಬಿಳಿಚಿತೆಂಬುದನ್ನು ನಾನು ಮರೆಯಲಾರೆ. ಅವರು ಮೆಟ್ಟಿಲಿನತ್ತ ಓಡಿದರು.

ದಾರದಕ್ಕ ಸತ್ತ ಲಿಫ್ಟಿನ ಗುಂಡಿ ಒತ್ತಿ ಒತ್ತಿ ಸೋತು, ಮೆಟ್ಟಿಲ ಮೇಲೆ ಕುಳಿತು ಒಂದೊಂದಾಗಿ ಜಾರಿಕೊಂಡು ಇಳಿಯುತ್ತಿದ್ದರು. ಮೇಸ್ತ್ರಿಗಳು ಕೇಳಲಿಲ್ಲ, ಹೇಳಲಿಲ್ಲ. ಗಬಕ್ಕನೆ ಎತ್ತಲು ಹೋದರು. ಕಾಲಿನ ಕಬ್ಬಿಣ ಮೆಟ್ಟಿಲ ಪಕ್ಕದ ಕಂಬಿಗೆ ಸಿಕ್ಕಿಕೊಂಡಿತು. ಇಬ್ಬರೂ ಉರುಳಿದರು. ಅಗ್ನಿಶಾಮಕ ದಳದವರು ಬಂದು ಹೊಗೆಯ ನಡುವೆ ಇಬ್ಬರನ್ನೂ ಇಳಿಸಿದರು. ಬೆಂಕಿ ಸಣ್ಣದಾಗಿತ್ತು, ಜೀವ ಉಳಿಯಿತು. ಆದರೆ ದಾರದಕ್ಕನ ಬಲಗೈ, ಆ ಹೊಲಿಯುವ ಕೈ, ಮಣಿಕಟ್ಟಿನ ಬಳಿ ಉಳುಕಿ ಊದಿಕೊಂಡಿತು.

ಆ ಭಾನುವಾರ ನಾನೂ ಮೇಸ್ತ್ರಿಗಳೂ ಅವರ ಮನೆಗೆ ಹೋದೆವು. ಗಂಡ ಗಡಿಯಾರ ರಿಪೇರಿ ಮಾಡುವವರು. ಅಂಗಡಿಯ ಹಿಂದಿನ ಎರಡು ಕೋಣೆಯೇ ಮನೆ. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಅಂದು ಗಂಡನ ತಂಗಿ, ಆಸ್ಪತ್ರೆಯ ನರ್ಸ್, ಅತ್ತಿಗೆಯ ಕೈಗೆ ಪಟ್ಟಿ ಕಟ್ಟುತ್ತಿದ್ದಳು.

"ಸಾಕಮ್ಮ ಈ ಕೆಲಸ," ಎಂದರು ಗಂಡ. "ಬಿಟ್ಟುಬಿಡಲಿ. ಎರಡು ಜೀವಕ್ಕೆ ನನ್ನ ದುಡಿಮೆ ಸಾಕು."

"ಬಿಡೋದ್ಯಾಕೆ?" ಎಂದರು ಮೇಸ್ತ್ರಿಗಳು. "ಕೆಳಗೆ ಗೇಟಿನ ಹತ್ರ ಲೇಬಲ್ ಅಂಟಿಸೋ ಕೆಲಸ ಕೊಡಿಸ್ತೀನಿ. ಆರಾಮ."

ದಾರದಕ್ಕ ತಲೆಯೆತ್ತಲಿಲ್ಲ. "ಇಪ್ಪತ್ತು ವರ್ಷ ಹೊಲಿದ ಕೈ ಇದು. ಇದಕ್ಕೆ ಲೇಬಲ್ಲಾ?" ಎಂದಷ್ಟೇ ಹೇಳಿದರು.

ನಾದಿನಿ ಪಟ್ಟಿಯ ಗಂಟನ್ನು ಬಿಗಿಯಾಗಿಯೇ ಎಳೆದಳು. "ಅಣ್ಣಾ, ನನ್ನ ವಾರ್ಡಲ್ಲಿ ಮೂವತ್ತು ಜನ ಮಲಗಿದ್ದಾರೆ. ಒಬ್ಬರೂ ಓಡೋರಲ್ಲ. ಹಾಗಂತ ಆಸ್ಪತ್ರೆಗೆ ಬೀಗ ಹಾಕೋದಾ?"

"ಅದು ಆಸ್ಪತ್ರೆ ಕಣೇ. ಅಲ್ಲಿ ನಿಮಗೆಲ್ಲ ಗೊತ್ತಿರುತ್ತೆ."

"ಹುಟ್ಟುತ್ತಲೇ ಗೊತ್ತಿತ್ತಾ? ಕಲಿತ್ವಿ. ಯಾರನ್ನ ಯಾರು ಇಳಿಸಬೇಕು ಅಂತ ಮೊದಲೇ ಬರೆದಿಡ್ತೀವಿ. ಒಬ್ಬರಿಗೆ ಇಬ್ಬರು. ಅವರಲ್ಲಿ ಒಬ್ಬರು ರಜ ಹಾಕಿದ್ರೆ ಇನ್ನೊಬ್ಬರು ತಯಾರು. ಮೆಟ್ಟಿಲಿಳಿಸೋ ಕುರ್ಚಿ ಅಂತ ಬರುತ್ತೆ, ಪಟ್ಟಿ ಬಿಗಿದು ಮೆಲ್ಲಗೆ ಇಳಿಸ್ತೀವಿ. ಮೆಟ್ಟಿಲ ಬಳಿ ಹೊಗೆ ತಡೆಯೋ ಬಾಗಿಲ ಒಳಗೆ ಒಂದು ಜಾಗ ಗೊತ್ತು ಮಾಡಿರ್ತೀವಿ. ಜನ ಸರಿಯೋವರೆಗೆ ಅಲ್ಲಿ ಕಾಯೋದು. ಜೊತೆಗೆ ಒಬ್ಬರು ಇರ್ತಾರೆ, ಅಲ್ಲಿಂದ್ಲೇ ಕೆಳಗೆ ಫೋನ್ ಮಾಡಿ ಇಲ್ಲಿದ್ದೀವಿ ಅಂತ ಹೇಳ್ತಾರೆ. ಗೇಟಲ್ಲಿರೋರು ಅಗ್ನಿಶಾಮಕದವರಿಗೆ ತಿಳಿಸ್ತಾರೆ. ಹೊರಗೆ ಬಂದೋರು ಮಾತ್ರ ಮತ್ತೆ ಒಳಗೆ ನುಗ್ಗಬಾರದು. ಮೇಸ್ತ್ರಿಗಳೇ, ನಿಮಗೇ ಹೇಳ್ತಿರೋದು."

ಮೇಸ್ತ್ರಿಗಳು ಕೆಮ್ಮಿದರು. "ಎಲ್ಲ ಸರಿನಮ್ಮ. ಆದ್ರೆ ಅಷ್ಟು ಜನರ ಎದುರು ಕುರ್ಚಿಗೆ ಕಟ್ಟಿ ಇಳಿಸಿದ್ರೆ ಅಕ್ಕನಿಗೆ ಅವಮಾನ ಅಲ್ವಾ?"

ಆಗ ದಾರದಕ್ಕ ತಲೆಯೆತ್ತಿದರು. "ಮತ್ತೆ ಇಷ್ಟು ವರ್ಷ ಮುಂಚೇನೇ ಕೆಳಗೆ ಕಳಿಸಿ ಕೂರಿಸಿದ್ರಲ್ಲ, ಅದು ಸನ್ಮಾನವಾ ಮೇಸ್ತ್ರಿಗಳೇ?"

ಆಮೇಲೆ ತಾವೇ ದನಿ ಮೆತ್ತಗೆ ಮಾಡಿದರು. "ನಿಮ್ಮದೊಬ್ಬರದೇ ತಪ್ಪಲ್ಲ ಬಿಡಿ. ಬೆಚ್ಚನೆ ಬಿಸಿಲು, ಆ ಬೆಂಚು, ಕೈಲೊಂದು ಪುಸ್ತಕ. ನನಗೂ ಹಿತವಾಗೇ ಇತ್ತು. ನನಗೇನು ಬೇಕು ಅಂತ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ."

"ಈಗ ಕೇಳ್ತಿದ್ದೀನಿ," ಎಂದರು ಮೇಸ್ತ್ರಿಗಳು. "ಹೇಳಿ ಅಕ್ಕಾ."

"ನನ್ನ ಕೇಳದೆ ಎತ್ತಬೇಡಿ. ಎಡಗಡೆಯಿಂದ ಹಿಡಿದ್ರೆ ನೋವಾಗಲ್ಲ. ಊರುಗೋಲು ಬಿಟ್ಟು ಬರಬೇಡಿ, ಕೆಳಗೆ ಹೋಗಿ ನಾನು ನಿಲ್ಲಬೇಕು. ನನ್ನ ಮೇಜಿಂದ ಮೆಟ್ಟಿಲವರೆಗೆ ಕಾಗದದ ಕಟ್ಟು ಒಟ್ಟಬೇಡಿ. ಇಷ್ಟೇ."

ಎಷ್ಟು ಸಣ್ಣ ಸಂಗತಿಗಳು! ಇವನ್ನು ಕೇಳಲು ನಮಗೆ ಒಂದು ಬೆಂಕಿ ಬೇಕಾಯಿತೆಂಬುದನ್ನು ನೆನೆದರೆ ಇಂದಿಗೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಪ್ರೀತಿ ಇದ್ದರೆ ಸಾಲದು. ಆ ಪ್ರೀತಿ ವಿಚಾರಿಸಬೇಕು, ಬರೆದಿಡಬೇಕು, ಅಭ್ಯಾಸ ಮಾಡಬೇಕು. ಇಲ್ಲದಿದ್ದರೆ ಅದು ಬರಿಯ ಬಾಯಿಮಾತಿನ ಕನಿಕರ.

ಗಂಡ ಕೊನೆಗೆ ಎಂದರು: "ಡ್ರಿಲ್ಲಿಗೆ ನಾನೂ ಬರ್ತೀನಿ. ಕಣ್ಣಾರೆ ನೋಡಿದ ಮೇಲೇನೇ ಅವಳನ್ನ ಕೆಲಸಕ್ಕೆ ಕಳಿಸೋದು."

ಎರಡು ತಿಂಗಳಲ್ಲಿ ಯಜಮಾನರನ್ನು ಕಾಡಿ ಕುರ್ಚಿ ತರಿಸಿದೆವು. ಮೆಟ್ಟಿಲಿಗೆ ಹೊಗೆ ತಡೆಯುವ ಬಾಗಿಲು ಬಂತು. ನಾನು ಮತ್ತು ಕಾಗದ ಕತ್ತರಿಸುವ ಅಣ್ಣ ಜೊತೆಗಾರರಾದೆವು. ಒಬ್ಬರಿಲ್ಲದಿದ್ದರೆ ಮೇಸ್ತ್ರಿಗಳ ಬದಲು, ಅವರ ಸೊಂಟವನ್ನು ಲೆಕ್ಕಕ್ಕೆ ತೆಗೆದುಕೊಂಡು, ಅಂಟಿನ ಮೇಜಿನ ಗಟ್ಟಿಗಿತ್ತಿ. ಖಾಲಿ ಕುರ್ಚಿ ಇಳಿಸಿ ಕಲಿತೆವು, ಆಮೇಲೆ ನನ್ನನ್ನೇ ಕೂರಿಸಿ ಇಳಿಸಿದರು.

ಡ್ರಿಲ್ಲಿಗೆಂದೇ ಆ ಒಂದು ದಿನ ಬಂದಿದ್ದ ದಾರದಕ್ಕ, ಗಂಟೆ ಹೊಡೆದಾಗ ತಮ್ಮ ಮೇಜಿನಲ್ಲಿದ್ದರು, ಸೂಜಿ ಅರ್ಧ ಹೊಲಿಗೆಯಲ್ಲಿತ್ತು. ಜನ ಇಳಿದರು. ನಾವು ಬಾಗಿಲ ಒಳಗೆ ಕಾದೆವು. ಆಮೇಲೆ ಅವರನ್ನು ಕೇಳಿ, ಕುರ್ಚಿಗೆ ಕೂರಿಸಿ ಇಳಿಸತೊಡಗಿದೆವು. ಒಂದು ತಿರುವಿನಲ್ಲಿ ಪಟ್ಟಿ ಸಡಿಲವಾದಾಗ ಮತ್ತೆ ಬಿಗಿದೆವು. "ಎಡಕ್ಕೆ, ಎಡಕ್ಕೆ! ಪುಸ್ತಕದ ಬೆನ್ನು ಮುರೀತೀರೇನ್ರಪ್ಪ?" ಎಂದು ಕೂತಲ್ಲಿಂದಲೇ ದಾರದಕ್ಕ ನಮ್ಮನ್ನು ಬೈದರು. ಕೆಳಗೆ ಗಂಡ ಗಡಿಯಾರ ಹಿಡಿದು ನಿಂತಿದ್ದರು.

"ಹನ್ನೊಂದು ನಿಮಿಷ," ಎಂದರು. ಗಡಿಯಾರವನ್ನು ಜೇಬಿಗಿಳಿಸಿದರು. "ನಾಳೆಯಿಂದ ಕೆಲಸಕ್ಕೆ ಹೋಗ್ಲಿ."

ಮೇಸ್ತ್ರಿಗಳು ಫಲಕದತ್ತ ನೋಡಿ ತಲೆ ಕೆರೆದುಕೊಂಡರು. "ನಾಲ್ಕಿದ್ದದ್ದು ಹನ್ನೊಂದಾಗೋಯ್ತಲ್ಲ ಅಕ್ಕಾ."

"ಅದು ನಾಲ್ಕಾಗಿರಲೇ ಇಲ್ಲ ಮೇಸ್ತ್ರಿಗಳೇ. ಬೆಂಕಿ ಬಿದ್ದ ದಿನ ನೀವು ನಾಲ್ಕು ನಿಮಿಷಕ್ಕೆ ಸಾಲು ನಿಂತಾಗ ನಾನಿನ್ನೂ ಮೇಲೇ ಇದ್ದೆ."

ಮೇಸ್ತ್ರಿಗಳು ತಾವೇ ಬಟ್ಟೆ ತಂದು ಹಳೆಯ ಅಂಕಿಯನ್ನು ಒರೆಸಿದರು. ಮುಂದೆ ಅಭ್ಯಾಸವಾಗುತ್ತ ಹೊತ್ತು ಇಳಿಯಿತು. ದಾರದಕ್ಕ ಅದೇ ಕಿಟಕಿಯ ಬೆಳಕಿನಲ್ಲಿ ಇನ್ನೂ ಒಂಬತ್ತು ವರ್ಷ ಹೊಲಿದರು. ಈಗ ಆ ಮುದ್ರಣಾಲಯವಿಲ್ಲ, ಆ ನಗುವೂ ಇಲ್ಲ. ನನ್ನ ಕಪಾಟಿನಲ್ಲಿ ಅವರು ಹೊಲಿದ ನಾಲ್ಕಾರು ಪುಸ್ತಕಗಳಿವೆ. ಆ ಒಂಬತ್ತು ವರ್ಷದಲ್ಲಿ ಕಟ್ಟಿದವು ಅವು.

ಓದುಗರೇ, ನಿಮ್ಮಲ್ಲೂ ಯಾರೋ ಊರುಗೋಲು ಹಿಡಿದು ಬರುತ್ತಾರೆ, ಯಾರಿಗೋ ಮಂಡಿನೋವು, ಯಾರೋ ತುಂಬು ಗರ್ಭಿಣಿ, ಯಾರದೋ ಕಾಲಿಗೆ ಆರು ವಾರದ ಪ್ಲಾಸ್ಟರ್. ಮುಂದಿನ ಡ್ರಿಲ್ಲಿನಲ್ಲಿ ಅವರನ್ನು ಮೊದಲೇ ಕೆಳಗೆ ಕಳುಹಿಸಬೇಡಿ. ನೀವೇ ಅವರಾಗಿದ್ದರೆ, ಕಳುಹಿಸಿದರೂ ಹೋಗಬೇಡಿ. ನಿಮಗೇನು ಬೇಕೆಂದು ಬಾಯಿಬಿಟ್ಟು ಹೇಳಿ. ನಾಳೆ ಬೆಳಿಗ್ಗೆ ಕೆಲಸ ಆರಂಭಿಸುವ ಮುನ್ನ ಅವರ ಮೇಜಿನ ಬಳಿ ಐದು ನಿಮಿಷ ಕುಳಿತು, ಹೇಗೆ ಇಳಿಯುವುದು, ಯಾರು ಜೊತೆಗಿರುವುದು ಎಂದು ಅವರನ್ನೇ ಕೇಳಿ, ಬರೆದುಕೊಂಡು, ಆ ಹಾಳೆಯನ್ನು ನಿಮ್ಮ ಮೇಲಿನವರ ಕೈಗೆ ಕೊಟ್ಟು ಬನ್ನಿ.