ನಾಲ್ಕು ಸುಣ್ಣದ ಕಲ್ಲು

ಚಟ್ಟ ಹೊತ್ತವರು ಕೊತ್ತತ್ತಿಯ ನಾಲೆಯ ಏರಿ ಹತ್ತಿ ಇಳಿದು ಹೊಲಕ್ಕೆ ಕಾಲಿಟ್ಟರೆ ಅಲ್ಲಿ ಗುಂಡಿಯೇ ತೋಡಿರಲಿಲ್ಲ. ಜೆಸಿಬಿ ಬಕೆಟ್ಟು ಎತ್ತಿಕೊಂಡು ಸುಮ್ಮನೆ ನಿಂತಿತ್ತು. ಡ್ರೈವರ್ ಶಿವರಾಮು ಕೆಳಗಿಳಿದು, ತೀರಿಕೊಂಡ ಹೊನ್ನಯ್ಯ ಮೇಷ್ಟ್ರ ತಮ್ಮ ಜಯಪ್ರಕಾಶನ ಬೈಗುಳ ಕೇಳಿಸಿಕೊಳ್ಳುತ್ತಿದ್ದ. ಮೇ ತಿಂಗಳ ಮೂರು ಗಂಟೆಯ ಬಿಸಿಲು. ಹೊತ್ತವರು ಬೇಸತ್ತು ಹೊಂಗೆಯ ನೆರಳಲ್ಲಿ ಚಟ್ಟ ಇಳಿಸಿದರು.

ಮೇಷ್ಟ್ರ ಹೆಂಡತಿ ಚಲುವಮ್ಮನಿಗೆ ರೇಗಿತು. ಬೆಳಗಿನಿಂದಲೂ ರೇಗುತ್ತಲೇ ಇತ್ತು. ಮಾವನ ಸಮಾಧಿಯಿಂದ ಏರಿಯವರೆಗೆ ಇದ್ದದ್ದು ಎರಡೇ ಎರಡು ಗುಂಡಿಯ ಜಾಗ. ಒಂದು ಗಂಡನದು, ಪಕ್ಕದ್ದು ತನ್ನದು ಎಂದು ಅವಳು ಎಂದೋ ಗೊತ್ತು ಮಾಡಿಕೊಂಡಿದ್ದಳು. ಮುಂಜಾನೆ ಹೊಲ ನೋಡಿ ಬಂದ ಜಯಪ್ರಕಾಶ, ಅಣ್ಣ ಅಪ್ಪನ ಪಕ್ಕದಲ್ಲೇ ಆಳುದ್ದಕ್ಕೆ ನಾಲ್ಕು ಸುಣ್ಣ ಬಳಿದ ಕಲ್ಲಿಟ್ಟು ತನ್ನ ಜಾಗ ತಾನೇ ಗುರುತು ಮಾಡಿದ್ದಾನೆ ಎಂದು ಸಾರಿದ. ಬಂದವರೆಲ್ಲ, ಸಾವು ಮೊದಲೇ ಗೊತ್ತಾಗಿದ್ದ ಪುಣ್ಯಾತ್ಮ ಎಂದು ಕೈಮುಗಿದರು. ಎಂಟು ದಿನದ ಕೆಳಗೆ ಕೆಮ್ಮುತ್ತ ಸುಣ್ಣದ ಡಬ್ಬಿ ಹಿಡಿದು ಹೊರಟದ್ದು ಇದಕ್ಕಾ ಎಂದು ಚಲುವಮ್ಮನ ಹೊಟ್ಟೆ ಉರಿಯಿತು. ತನ್ನದಕ್ಕೂ ನಾಲ್ಕು ಕಲ್ಲು ಇಟ್ಟಿದ್ದರೆ ಸುಣ್ಣ ಮುಗಿದುಹೋಗುತ್ತಿತ್ತೇ?

“ಯಾಕ್ಲಾ ತೋಡಲಿಲ್ಲ?” ಎಂದಳು ಶಿವರಾಮುವಿಗೆ.

“ಕಲ್ಲಿಟ್ಟಿರೋದು ಗುಂಡಿಗಲ್ಲ ಕಣವ್ವ. ಮೊಟ್ಟೆಗೆ.”

ಅವನು ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ತೋರಿಸಿದ. ನಲವತ್ತು ಜನ ಬಗ್ಗಿ ನೋಡಿದರೂ ಮಣ್ಣು, ಬೆಣಚು ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಕಂಡವು: ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆ. ಉಳುವ ಟ್ರ್ಯಾಕ್ಟರು ಸುತ್ತಿಕೊಂಡು ಹೋಗಲೆಂದು ಮೇಷ್ಟ್ರು ಕಲ್ಲುಗಳನ್ನು ಅಷ್ಟು ದೂರ ದೂರ ಇಟ್ಟಿದ್ದರು. ತಲೆಯ ಮೇಲೆ ಟಿಟ್ಟಿಭ ಹಕ್ಕಿಯ ಜೋಡಿ ಬಾಯಿ ಬಡಿದುಕೊಳ್ಳುತ್ತಿತ್ತು. ಅಷ್ಟು ಹೊತ್ತು ಅದನ್ನು ಕೇಳಿಸಿಕೊಂಡವನು ಶಿವರಾಮು ಒಬ್ಬನೇ.

ಟವಲಿನಲ್ಲಿ ಎತ್ತಿ ಏರಿಯ ಮೇಲಿಟ್ಟರಾಯಿತು ಎಂದ ಜಯಪ್ರಕಾಶ.

“ಜಾಗ ಬದ್ಲಾದ್ರೆ ತಾಯಿ ಕೂರಲ್ಲ ಕಣಣ್ಣ,” ಎಂದ ಶಿವರಾಮು. “ಮೇಷ್ಟ್ರೇ ತೋರ್ಸಿದ್ದು. ಇದೇ ಹೊಲದಲ್ಲಿ.”

*

ಅದು ಚಲುವಮ್ಮನಿಗೂ ಗೊತ್ತಿತ್ತು, ಮರೆಯುವಂಥದ್ದೇ ಅಲ್ಲ. ಮೇಷ್ಟ್ರ ಶಾಲೆಯಲ್ಲಿ ದಿನವೂ ಬೋರ್ಡಿನ ಮೂಲೆಯಲ್ಲಿ ‘ಇಂದು ಕಂಡದ್ದು’ ಎಂದು ಬರೆಯಬೇಕು. ಕಾಣಬೇಕಾದರೆ ಹೊರಗೆ ಹೋಗಲೇಬೇಕು. ಪರೀಕ್ಷೆ ಹತ್ತಿರ ಬಂದರೂ ಮಕ್ಕಳನ್ನು ಬದುವಿನ ಮೇಲೆ ಮೆರೆಸುತ್ತಾನೆ ಎಂದು ಊರವರು ದೂರು ಕೊಟ್ಟಿದ್ದರು. ಅಂಥದೇ ಒಂದು ಮಾರ್ಚಿನಲ್ಲಿ ಅವಳಿಗೆ ಮಂಡ್ಯದ ಆಸ್ಪತ್ರೆಯಲ್ಲಿ ಹೆರಿಗೆ ನೋವು ಬಂತು. ಸೈಕಲ್ಲಿನಲ್ಲಿ ಬಂದು ಸುದ್ದಿ ಹೇಳಿದವನಿಗೆ ಮೇಷ್ಟ್ರು ಮಾತಾಡಬೇಡ ಎಂದು ಕೈಸನ್ನೆ ಮಾಡಿದರು. ಈ ಹೊಲದಲ್ಲಿ ಹದಿನೇಳು ಮಕ್ಕಳ ಜೊತೆ ಬೋರಲು ಮಲಗಿ, ಹಕ್ಕಿ ಮೊಟ್ಟೆಗೆ ಮರಳುವುದನ್ನು ಕಾಯುತ್ತಿದ್ದರು. ಆ ಮಕ್ಕಳಲ್ಲಿ ಶಿವರಾಮುವೂ ಇದ್ದ.

ಸಂಜೆ ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು ಬಂದರು. ಮಗಳು ನಯನ ಹುಟ್ಟಿ ಎರಡು ಗಂಟೆಯಾಗಿತ್ತು. ಚಲುವಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

“ನಾನೆದ್ರೆ ಮಕ್ಕಳೆಲ್ಲ ಏಳೋವು, ಹಕ್ಕಿ ಬರ್ತಿರಲಿಲ್ಲ,” ಎಂದರು ಮೇಷ್ಟ್ರು. “ಆ ಬಿಸಿಲಿಗೆ ಮೊಟ್ಟೆ ಬೆಂದೋಗವು ಕಣೆ.”

ಅವಳು ಒಂದು ವಾರ ಮಾತು ಬಿಟ್ಟಳು. ಅವರು ಅದನ್ನು ಗಮನಿಸಿದರೋ ಇಲ್ಲವೋ ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಹೊಲದಲ್ಲಿ ಇರುವೆ ಸಾಲು ಕಟ್ಟಿದ್ದು ಗೊತ್ತಾಗುವ ಮನುಷ್ಯನಿಗೆ ಮನೆಯಲ್ಲಿ ಸಾರಿಗೆ ಉಪ್ಪಿಲ್ಲದ್ದು ಗೊತ್ತಾಗುತ್ತಿರಲಿಲ್ಲ.

*

ಜಯಪ್ರಕಾಶ ವಾಚು ನೋಡಿಕೊಂಡ. ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು, ಹಕ್ಕಿಗೋಸ್ಕರ ಹೆಣ ಕಾಯಿಸಿದರೆ ನೆಂಟರು ನಗುತ್ತಾರೆ ಎಂದ. ಎಲ್ಲರೂ ಚಲುವಮ್ಮನ ಮುಖ ನೋಡಿದರು. ಚಲುವಮ್ಮ ಚಟ್ಟದ ಕಡೆ ನೋಡಿದಳು. ಎಬ್ಬಿಸಿ ಬೈಯುವಷ್ಟು ಸಿಟ್ಟು ಬಂದಿತ್ತು.

“ಸತ್ತ ಮೇಲೂ ಕಾಯ್ಸೋದು ಬುಡಲಿಲ್ಲ ಈ ಮನ್ಸ,” ಎಂದಳು. “ಏರಿ ಮಗ್ಗುಲಿಗೆ ತೋಡ್ರಪ್ಪ. ಮಿಸನ್ನು ಬ್ಯಾಡ, ಸದ್ದಾಯ್ತದೆ. ಗುದ್ಲೀಲಿ ತೋಡಿ.”

“ಅದು ನಿನ್ ಜಾಗ ಕಣತ್ಗೆ.”

“ಗೊತ್ತು ಕಣಪ್ಪ. ನಾನೇನು ಇವತ್ತೇ ಓಯ್ತಿದ್ದೀನಾ?”

ಎರಡು ತಾಸು ಸರದಿಯ ಮೇಲೆ ತೋಡಿದರು. ಶಿವರಾಮು ಅಂಗಿ ಬಿಚ್ಚಿ, ಹೊರಡುವವರೆಗೆ ಮೊಟ್ಟೆಗೆ ನೆರಳಾಗಲೆಂದು ಕಡ್ಡಿ ನೆಟ್ಟು ಅದನ್ನು ಮೇಲೆ ಹೊದಿಸಿ, ಎಲ್ಲರಿಗಿಂತ ಹೆಚ್ಚು ತೋಡಿದ. ಪಟ್ಟಣದಿಂದ ಬಂದ ಹಳೆ ಶಿಷ್ಯರು ಏದುಸಿರು ಬಿಡುತ್ತ, ಮೇಷ್ಟ್ರು ಬದುಕಿದ್ದಾಗಲೂ ಹೀಗೇ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು ಎಂದು ಗೊಣಗಿದರು. ಮೇಷ್ಟ್ರನ್ನು ಇಳಿಸಿ, ಹಿಡಿ ಹಿಡಿ ಮಣ್ಣು ಹಾಕಿ, ಹಾಲು ತುಪ್ಪ ಬಿಟ್ಟಾಗ ಬಿಸಿಲು ಓರೆಯಾಗಿತ್ತು. ಇನ್ನು ಯಾರೂ ತಿರುಗಿ ನೋಡದೆ ನಡೆಯಬೇಕು. ಅದು ಪದ್ಧತಿ.

ಏರಿ ಹತ್ತಿದ ಚಲುವಮ್ಮ ನಿಂತೇಬಿಟ್ಟಳು, ತಿರುಗಿದಳು. ನಯನ ತೋಳು ಹಿಡಿದು ಎಳೆದಳು.

“ನೋಡ್‌ಬಾರ್ದು ಕಣವ್ವ.”

“ಇರವ್ವ. ಕೂತ್ಲಾ ಅಂತ ನೋಡ್ತೀನಿ.”

ಶಿವರಾಮು ಏರಿಯ ಮೇಲೆ ಬೋರಲು ಮಲಗಿದ. ಅವನನ್ನು ನೋಡಿ ಜನವೆಲ್ಲ ಒಬ್ಬೊಬ್ಬರಾಗಿ ಕುಕ್ಕರಿಸಿದರು. ಜಯಪ್ರಕಾಶನೂ ಗೊಣಗುತ್ತಲೇ ಕೂತ. ಕೆಳಗೆ ಹಕ್ಕಿ ನಾಲ್ಕು ಹೆಜ್ಜೆ ಓಡಿ ನಿಂತಿತು, ಮತ್ತೆ ನಾಲ್ಕು ಹೆಜ್ಜೆ ಓಡಿತು. ಅತ್ತ ಮಾವನ ಸಮಾಧಿ, ಇತ್ತ ಗಂಡನ ಮೇಲಿನ ಹಸಿಮಣ್ಣು. ನಡುವೆ ನಾಲ್ಕು ಬಿಳಿ ಕಲ್ಲಿನೊಳಗೆ, ಚಲುವಮ್ಮನಿಗೆಂದು ಉಳಿದ ಜಾಗದಲ್ಲಿ, ಹಕ್ಕಿ ಒಂದು ಸುತ್ತು ತಿರುಗಿ, ಹೊಟ್ಟೆಯ ಗರಿ ಬಿಡಿಸಿಕೊಂಡು ಕೂತಿತು.